ಒಂದೇ ಮಗುವಿನ ಪ್ರಬಂಧ: ಬಳಕೆದಾರರ ಕೈಪಿಡಿ

ವರ್ತನಾ ವಿಶ್ಲೇಷಣೆಯ ಜರ್ನಲ್ ಒಂದರಲ್ಲಿ ಪ್ರಬಂಧ ಪ್ರಕಟಿಸಬೇಕೆಂದು ಮನಸ್ಸು ಮಾಡಿದ್ದೀರಿ. ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿ ಜೊತೆ ಬಂದದ್ದನ್ನು ಓದದೆ ಡ್ರಾಯರಿಗೆ ತುರುಕಿದಂತೆ ಇದನ್ನೂ ತುರುಕಿದರೆ ತಯಾರಕರು ಹೊಣೆಯಲ್ಲ.

ಈ ಮಾಡೆಲ್ ಪಶ್ಚಿಮ ಬೆಂಗಳೂರಿಗೆಂದೇ ಸಿದ್ಧವಾದದ್ದು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವುದೋ ಒಂದು ಕ್ರಾಸು. ಕೆಳಗೆ ಮನೆ ಓನರು, ಮೇಲಿನ ಮಹಡಿಯಲ್ಲಿ ಥೆರಪಿ ಸೆಂಟರು. ಗೇಟಿನ ಪಕ್ಕ ‘ಸ್ಪೀಚ್, ಓಟಿ, ಎಬಿಎ, ಸ್ಪೆಷಲ್ ಎಜುಕೇಷನ್’ ಎಂಬ ಫ್ಲೆಕ್ಸು, ಮೆಟ್ಟಿಲ ಮೇಲೆ ಪುಟ್ಟ ಪುಟ್ಟ ಚಪ್ಪಲಿ. ನೀವು ಅಲ್ಲಿ ಕೆಲಸಕ್ಕಿದ್ದೀರಿ ಎಂದು ಕೈಪಿಡಿ ಭಾವಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಪಿಎಚ್.ಡಿ. ಮಾಡುತ್ತಿರುವವರಾದರೆ ನೇರ ‘ಅಂಕಗಳು’ ವಿಭಾಗಕ್ಕೆ ಹೋಗಬಹುದು. ಹೇಗೂ ಅಲ್ಲಿಗೇ ಹೋಗುತ್ತೀರಿ.

ಪೆಟ್ಟಿಗೆಯಲ್ಲಿ ಏನೇನಿದೆ

ಒಬ್ಬ ಹುಡುಗ, ವಯಸ್ಸು 7. ವಿಜಯನಗರದಲ್ಲಿ ಮನೆ. ಆಟಿಸಂ ಇದೆ. ಮೆಟ್ರೋ ನೇರಳೆ ಮಾರ್ಗದ ನಿಲ್ದಾಣಗಳನ್ನು ಕ್ರಮ ತಪ್ಪದೆ ಹೇಳುತ್ತಾನೆ; ಚಲ್ಲಘಟ್ಟದಲ್ಲಿ ಹೊರಟನೆಂದರೆ ವೈಟ್‌ಫೀಲ್ಡ್ ತಲುಪುವವರೆಗೆ ಯಾರ ಮಾತೂ ಕೇಳಿಸದು. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ ಕೂಡಲೇ ಕಿವಿ ಮುಚ್ಚಿ ಕಿರುಚುತ್ತಾನೆ, ಎದುರಿಗಿದ್ದ ತಟ್ಟೆ ಎಸೆಯುತ್ತಾನೆ. (ಇವನು ಯಾರ ಮನೆಯ ಮಗುವೂ ಅಲ್ಲ, ನಾಲ್ಕಾರು ಮಕ್ಕಳನ್ನು ಬೆರೆಸಿ ಕೈಪಿಡಿಗೆಂದು ಮಾಡಿಕೊಂಡವನು.) ಇವನ ಜೊತೆಗೆ ತಾಯಿ, ಕೆಂಗೇರಿ ಉಪನಗರದಲ್ಲಿರುವ ಅಜ್ಜಿ, ಎರಡೂ ಮನೆಯ ಮಿಕ್ಸಿಗಳು, ಒಂದು ರೂಲ್ಡ್ ಲಾಂಗ್ ನೋಟ್‌ಬುಕ್, ಎಣಿಸಲು ಒಂದು ಕೌಂಟರ್.

ಕೌಂಟರ್ ಬಗ್ಗೆ ಒಂದು ಮಾತು. ಎಣಿಸುವುದೇ ಈ ವಿದ್ಯೆಯ ಜೀವಾಳ. ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಬಲ್ಲವರ ಬಾಯಲ್ಲಿ ‘ಜಾಬಾ’, ಶುರುವಾದದ್ದು 1968ರಲ್ಲಿ. ಗಾಲ್ಫ್ ಆಟದವರು ಹೊಡೆತ ಎಣಿಸಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೌಂಟರಿನಲ್ಲಿ ವರ್ತನೆಯನ್ನೂ ಎಣಿಸಬಹುದು ಎಂದು ಆಗ್ಡನ್ ಲಿಂಡ್ಸ್ಲೇ ಅದರ ಮೊದಲ ಸಂಪುಟದಲ್ಲೇ ಒಂದು ಚುಟುಕು ಲೇಖನ ಬರೆದರು. ನಮ್ಮ ಬಡಾವಣೆಯಲ್ಲಿ ಗಾಲ್ಫ್ ಆಡುವವರಿಲ್ಲ. ರಾಜಾಜಿನಗರದ ಪೂಜಾ ಸಾಮಾನಿನ ಅಂಗಡಿಯಲ್ಲಿ ಬೆರಳಿಗೆ ಉಂಗುರವಾಗಿ ಹಾಕಿಕೊಳ್ಳುವ ಜಪದ ಕೌಂಟರ್ ಸಿಗುತ್ತದೆ, ಅದು ಧಾರಾಳ. ಜಪಕ್ಕೆ ಗುರಿ 108, ನಮ್ಮ ಹುಡುಗನ ಕಿರುಚಾಟಕ್ಕೆ ಗುರಿ ಸೊನ್ನೆ; ಗುಂಡಿ ಎರಡಕ್ಕೂ ಒಂದೇ. ಪ್ರಬಂಧದಲ್ಲಿ ಮಾತ್ರ ‘ಡಿಜಿಟಲ್ ಟ್ಯಾಲಿ ಕೌಂಟರ್’ ಎಂದು ಬರೆಯಿರಿ.

ಪೆಟ್ಟಿಗೆಯಲ್ಲಿ ಇಲ್ಲದವು: ನೈತಿಕ ಸಮಿತಿ, ಜರ್ನಲ್‌ಗಳ ಚಂದಾ, ಪುರುಸೊತ್ತು. ಇವನ್ನು ಗ್ರಾಹಕರೇ ಹೊಂದಿಸಿಕೊಳ್ಳಬೇಕು.

ಒಂದೇ ಮಗು ಸಾಕೇ?

ಸಾಕು. ಕೈಪಿಡಿಯಲ್ಲಿ ಹಾಸ್ಯವಿಲ್ಲದ ಜಾಗ ಇದೊಂದೇ, ಆದ್ದರಿಂದ ನಿಧಾನವಾಗಿ ಓದಿ.

1950ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಅವರ ಬಳಗದವರು ಬೆರಳೆಣಿಕೆಯ ಪಾರಿವಾಳಗಳನ್ನಿಟ್ಟುಕೊಂಡು ಒಂದೊಂದರ ವರ್ತನೆಯನ್ನೂ ತಿಂಗಳುಗಟ್ಟಲೆ ಅಳೆಯುತ್ತಿದ್ದರು. ಆಗಿನ ಮನೋವಿಜ್ಞಾನದ ಜರ್ನಲ್‌ಗಳಿಗೆ ಬೇಕಿದ್ದದ್ದು ದೊಡ್ಡ ಗುಂಪು, ಸರಾಸರಿ, ಸಂಖ್ಯಾಶಾಸ್ತ್ರದ ಪರೀಕ್ಷೆ. ‘ಮೂರು ಹಕ್ಕಿ ಇಟ್ಟುಕೊಂಡು ಏನು ವಿಜ್ಞಾನ?’ ಎಂಬ ಧೋರಣೆ ಕಂಡು ಬೇಸತ್ತವರು 1958ರಲ್ಲಿ ತಮ್ಮದೇ ಜರ್ನಲ್ ತೆಗೆದರು, ಜರ್ನಲ್ ಆಫ್ ದಿ ಎಕ್ಸ್‌ಪೆರಿಮೆಂಟಲ್ ಅನಾಲಿಸಿಸ್ ಆಫ್ ಬಿಹೇವಿಯರ್. ಹತ್ತು ವರ್ಷದ ನಂತರ, ಪಾರಿವಾಳದಿಂದ ಮನುಷ್ಯರ ಕಡೆ ತಿರುಗಿದವರಿಗಾಗಿ ಜಾಬಾ ಬಂತು. ಅದರ ಮೊದಲ ಸಂಚಿಕೆಯಲ್ಲಿ ಬೇಯರ್, ವೋಲ್ಫ್, ರಿಸ್ಲೀ ಮೂವರೂ ಸೇರಿ ಅನ್ವಯಿಕ ವರ್ತನಾ ವಿಶ್ಲೇಷಣೆಗೆ (ಫ್ಲೆಕ್ಸಿನ ಮೇಲಿನ ‘ಎಬಿಎ’) ಏಳು ಲಕ್ಷಣ ಹೇಳಿದರು. ಮೊದಲನೆಯದೇ, ಆರಿಸಿಕೊಂಡ ವರ್ತನೆ ಆ ಮನುಷ್ಯನ ಬದುಕಿಗೆ, ಅವನ ಸುತ್ತಲಿನವರಿಗೆ ಮುಖ್ಯವಾಗಿರಬೇಕು ಎಂಬುದು.

ಸರಾಸರಿ ಮಗು ವಿಜಯನಗರದ ಯಾವ ಮನೆಯಲ್ಲೂ ಹುಟ್ಟಿಲ್ಲ. ಹುಟ್ಟಿದ ಒಂದೊಂದು ಮಗುವೂ ಒಂದು ಗ್ರಾಫಿಗೆ ಅರ್ಹ ಎಂದು ಒಪ್ಪಿಕೊಂಡ ವಿಜ್ಞಾನ ಇದು. ಆ ಮರ್ಯಾದೆಯೊಂದಕ್ಕೇ ನಾನು ಇದರ ಎಷ್ಟೋ ಒಣಜಂಭವನ್ನು ಕ್ಷಮಿಸುತ್ತೇನೆ. ನಮ್ಮ ಹುಡುಗನ ಲಾಂಗ್ ನೋಟ್‌ಬುಕ್ಕಿಗೆ ಬಾಗಿಲು ತೆರೆಯಲೆಂದೇ ಆ ಜರ್ನಲ್‌ಗಳು ಹುಟ್ಟಿದ್ದು. ಆ ಬಾಗಿಲಿಗೆ ಈಗ ಎಷ್ಟು ಚಿಲಕ ಬಿದ್ದಿದೆ ಎಂಬುದು ಕೈಪಿಡಿಯ ಉಳಿದ ಭಾಗ.

ಸುರಕ್ಷತಾ ಸೂಚನೆಗಳು

ಬಂದ ನೆಂಟರಿಗೆ ಮುಜುಗರವಾಗುತ್ತದೆ ಎಂಬ ಕಾರಣಕ್ಕೆ ಮಗುವಿನ ಕೈ ಆಡಿಸುವಿಕೆಯನ್ನು ನಿಲ್ಲಿಸಲು ಹೊರಡಬೇಡಿ. ಇವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ವಿದ್ಯೆಯ ಚಿಕಿತ್ಸೆ ಪಡೆದ ಆಟಿಸಂ ಇರುವ 19 ಮಕ್ಕಳ ಪೈಕಿ 9 ಮಕ್ಕಳು ಮಾಮೂಲಿ ಶಾಲೆಯ ಒಂದನೇ ತರಗತಿ ಮುಗಿಸಿದರು. ಸೆಂಟರ್‌ಗಳ ಕರಪತ್ರದಲ್ಲಿ ಕಾಣುವ ಶೇ. 47ರ ಮೂಲ ಅದೇ. ಆ ಚಿಕಿತ್ಸೆಯಲ್ಲಿ ತೊಡೆಗೆ ಹೊಡೆಯುವುದೂ ಇತ್ತು; ಕರಪತ್ರದಲ್ಲಿ ಅದು ಇರುವುದಿಲ್ಲ. ಆಟಿಸಂ ಇರುವ ವಯಸ್ಕರು ಈ ವಿದ್ಯೆಯ ಮೇಲೆ ಇಂದಿಗೂ ಸಿಟ್ಟಾಗಿದ್ದಾರೆ, ಅವರ ಸಿಟ್ಟಿಗೆ ಕಾರಣವಿದೆ.

ಮಿಕ್ಸಿ ಸದ್ದಿಗೆ ಕಿರುಚುವ ಮಗುವನ್ನು ಸುಮ್ಮನಿರಿಸುವುದು ಪ್ರಬಂಧವಾಗದು. ಸದ್ದು ತಡೆಯಲಾಗದಾಗ ಅದನ್ನು ತಿಳಿಸುವ ದಾರಿ ಕಲಿಸಿದರೆ ಪ್ರಬಂಧವಾದೀತು.

ಒಪ್ಪಿಗೆ ಕಡ್ಡಾಯ. 2017ರ ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ ಪಾಲಕರ ಸಹಿಯ ಜೊತೆಗೆ 7 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿಯೂ ಬೇಕು. ಹುಡುಗನನ್ನು ಕೇಳಿ. ‘ಮುಂದಿನ ನಿಲ್ದಾಣ ಹೊಸಹಳ್ಳಿ’ ಎನ್ನುತ್ತಾನೆ. ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ತಾನಾಗಿ ಓಡಿ ಬಂದು ಕುರ್ಚಿಯಲ್ಲಿ ಕೂತರೆ ಒಪ್ಪಿಗೆ. ಬಾಗಿಲ ಕಡೆಗೇ ನೋಡುತ್ತಿದ್ದರೆ ಆವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನು ನೈತಿಕ ಸಮಿತಿ. ಬಾಡಿಗೆ ಮಹಡಿಯಲ್ಲಿ ಅದು ಇರುವುದಿಲ್ಲ. ಸಮಿತಿ ಇರುವ ಕಾಲೇಜಿನ ಪ್ರಾಧ್ಯಾಪಕರೊಬ್ಬರನ್ನು ಹುಡುಕಿ. ಸಮಿತಿಯ ಜೊತೆಗೆ ಪ್ರಾಧ್ಯಾಪಕರೂ ಬರುತ್ತಾರೆ. ಲೇಖಕರ ಪಟ್ಟಿಯಲ್ಲಿ ಜಾಗ ಬಿಟ್ಟಿರಿ.

ಜೋಡಣೆ

ಮೊದಲು ಬೇಸ್‌ಲೈನ್. ಅಂದರೆ ನೀವು ಏನೂ ಮಾಡದೆ, ಇದ್ದದ್ದು ಇದ್ದ ಹಾಗೆ ಎಣಿಸುವುದು. ತಾಯಿ ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕುತ್ತಾರೆ, ಬಲಗೈ ಮುಚ್ಚಳದ ಮೇಲೆ, ಎಡಗೈ ಬೆರಳಿನಲ್ಲಿ ಕೌಂಟರ್. ಕಿರುಚಿದ್ದಕ್ಕೆ ಒಂದು, ತಟ್ಟೆಗೆ ಒಂದು. ಆಮೇಲೆ ಕೈ ಒರೆಸಿಕೊಂಡು ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಸಂಖ್ಯೆ. ಆ ಪುಟಗಳಿಗೆ ಕೊತ್ತಂಬರಿ ಸೊಪ್ಪಿನ ಹಸಿರು ಬೆರಳಚ್ಚು ಬಿದ್ದಿರುತ್ತದೆ. ಬದಿಯಲ್ಲಿ ಷರಾ: ‘ಕರೆಂಟ್ ಇಲ್ಲ’, ‘ಏಕಾದಶಿ, ಚಟ್ನಿ ಇಲ್ಲ’, ‘ರಾತ್ರಿ ನಿದ್ದೆ ಮಾಡಿಲ್ಲ, ಪಾಪ’. ಮೊದಲ ಎರಡನ್ನು ಪ್ರಬಂಧದಲ್ಲಿ ‘ಅಲಭ್ಯ ದತ್ತಾಂಶ’ ಎನ್ನಿ. ಮೂರನೆಯದಕ್ಕೆ ಜಾಬಾದಲ್ಲಿ ಅಂಕಣವಿಲ್ಲ.

ಎರಡನೆಯದು, ವರ್ತನೆ ಯಾತಕ್ಕಾಗಿ ಎಂದು ಕಂಡುಕೊಳ್ಳುವುದು. ಬ್ರಯನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ಇದಕ್ಕೊಂದು ವಿಧಾನ ಕೊಟ್ಟರು. ಅದು ಎಷ್ಟು ಬೇಕಾಯಿತೆಂದರೆ, ಬೇರೊಂದು ಜರ್ನಲ್ಲಿನಲ್ಲಿ ಬಂದಿದ್ದ ಆ ಪ್ರಬಂಧವನ್ನು 1994ರಲ್ಲಿ ಜಾಬಾ ಮತ್ತೆ ಅಚ್ಚು ಹಾಕಿತು. ನಮ್ಮ ಹುಡುಗ ಕಿರುಚಿದರೆ ಮಿಕ್ಸಿ ನಿಲ್ಲುತ್ತದೆ. ನಿಲ್ಲುತ್ತದೆ ಎಂಬುದಕ್ಕೇ ಕಿರುಚುತ್ತಾನೆ. ಕಾರ್ ಮತ್ತು ಡ್ಯೂರಂಡ್ 1985ರಲ್ಲಿ ನಾಲ್ಕು ಮಕ್ಕಳ ಜೊತೆ ಮಾಡಿ ತೋರಿಸಿದ್ದು ಇದರ ಮುಂದಿನ ಹೆಜ್ಜೆ: ಅದೇ ಫಲ ಕೊಡುವ ಒಂದು ಸರಳ ಮಾತನ್ನು ಕಲಿಸಿದರೆ ರಂಪ ಇಳಿಯುತ್ತದೆ. ನಮ್ಮ ಹುಡುಗನಿಗೆ ಒಂದು ಕಾರ್ಡ್, ಅದರ ಮೇಲೆ ಮೆಟ್ರೋ ಚಿತ್ರ. ಕಾರ್ಡ್ ಕೊಟ್ಟು ‘ಹೊರಗೆ’ ಅಂದರೆ ಮಿಕ್ಸಿ ನಿಲ್ಲುತ್ತದೆ, ಬಾಲ್ಕನಿ ಬಾಗಿಲು ತೆರೆಯುತ್ತದೆ, ಹಳಿ ಮೇಲೆ ರೈಲು ಹೋಗುವುದು ಕಾಣುತ್ತದೆ. ಅವನು ಅಲ್ಲಿ ನಿಂತ ಮೇಲೆ ತಾಯಿ ಚಟ್ನಿ ಮುಗಿಸುತ್ತಾರೆ.

ಮೂರನೆಯದು ಡಿಸೈನ್. ಇಲ್ಲೇ ಜಾರುವುದು. ಚಿಕಿತ್ಸೆಯಿಂದಲೇ ಬದಲಾವಣೆ ಬಂತು ಎಂದು ತೋರಿಸಲು ಹಳೆಯ ರೀತಿಯೆಂದರೆ ಚಿಕಿತ್ಸೆ ನಿಲ್ಲಿಸಿ, ರಂಪ ಮರಳಿ ಬರುವುದನ್ನು ನೋಡಿ, ಮತ್ತೆ ಶುರುಮಾಡುವುದು. ತಾಯಿಗೆ ಇದನ್ನು ಹೇಳಿ ನೋಡಿ.

‘ಅಲ್ಲ ಮೇಡಂ, ಈಗ ತಾನೇ ಸರಿಹೋಗ್ತಿದಾನೆ. ಮತ್ತೆ ಯಾಕೆ ಕಾರ್ಡ್ ಕಿತ್ಕೊಳ್ಳೋದು?’

‘ಅದು ಪ್ರೂಫ್‌ಗೆ ಅಮ್ಮಾ, ಜರ್ನಲ್‌ನವರು ಕೇಳ್ತಾರೆ.’

‘ಅವ್ರನ್ನ ಒಂದಿನ ಬೆಳಿಗ್ಗೆ ನಮ್ಮನೇಗೆ ಕಳಿಸಿ.’

ತಾಯಿಯ ಪಕ್ಷದಲ್ಲಿ ಬೇಯರ್, ವೋಲ್ಫ್, ರಿಸ್ಲೀ ಕೂಡ ಇದ್ದಾರೆ. ಹಿಂದಕ್ಕೆ ತಿರುಗಿಸಲಾಗದ ಕಡೆ ಮಲ್ಟಿಪಲ್ ಬೇಸ್‌ಲೈನ್ ಬಳಸಿ ಎಂದು 1968ರಲ್ಲೇ ಅವರು ಹೇಳಿಟ್ಟಿದ್ದಾರೆ. ಮೂರು ಜಾಗದಲ್ಲಿ ಎಣಿಸುತ್ತಾ, ಒಂದೊಂದರಲ್ಲಿ ಬೇರೆ ಬೇರೆ ವಾರದಲ್ಲಿ ಚಿಕಿತ್ಸೆ ಶುರುಮಾಡುವುದು. ಶುರುವಾದ ಕಡೆ ಮಾತ್ರ ಗೆರೆ ಇಳಿದರೆ ನೀವು ಗೆದ್ದಿರಿ. ವಿಜಯನಗರದ ಮನೆ, ಕೆಂಗೇರಿಯ ಅಜ್ಜಿ ಮನೆ, ಶಾಲೆಯ ಗಂಟೆ. ಕಾಗದದ ಮೇಲೆ ಬಹಳ ಚೆಂದ. ಆದರೆ ಅಜ್ಜಿ ಮನೆಯ ಸರದಿ ಬರುವವರೆಗೆ ಅಲ್ಲಿ ಕಾರ್ಡ್ ಇಲ್ಲದೆ ಮಿಕ್ಸಿ ಓಡಬೇಕು, ಹುಡುಗ ಕಿರುಚಬೇಕು, ಅಜ್ಜಿ ಸುಮ್ಮನೆ ಎಣಿಸಬೇಕು. ಅಜ್ಜಿ ಒಂದು ದಿನ ಎಣಿಸಿದರು. ಎರಡನೇ ದಿನ ಹಿತ್ತಲಲ್ಲಿ ಬೋರಲು ಹಾಕಿದ್ದ ಒರಳುಕಲ್ಲನ್ನು ತೊಳೆದು ಅದರಲ್ಲೇ ರುಬ್ಬತೊಡಗಿದರು. ಸದ್ದಿಲ್ಲ, ಕಿರುಚಾಟವಿಲ್ಲ, ದತ್ತಾಂಶವಿಲ್ಲ. ಇಂಥ ದೋಷಕ್ಕೆ ಕೈಪಿಡಿಯಲ್ಲಿ ಪರಿಹಾರವಿಲ್ಲ. ಅಜ್ಜಿಯನ್ನು ಬದಲಾಯಿಸಲು ಬರುವುದಿಲ್ಲ.

ನಾಲ್ಕನೆಯದು, ಎರಡನೇ ಜೋಡಿ ಕಣ್ಣು. ಇಬ್ಬರು ಸ್ವತಂತ್ರವಾಗಿ ಎಣಿಸಿ, ತಾಳೆಯಾದದ್ದನ್ನು ಒಟ್ಟಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಶೇ. 80 ದಾಟಿದರೆ ವಿಮರ್ಶಕರು ಸಾಮಾನ್ಯವಾಗಿ ತಕರಾರು ತೆಗೆಯುವುದಿಲ್ಲ. ಸೆಂಟರಿನಲ್ಲಿ ಬಿಡುವಾಗಿರುವವರು ಆಯಾ ಒಬ್ಬರೇ. ಅವರನ್ನು ಕೂರಿಸಿ. ಡಿಗ್ರಿ ಮುಗಿಸಿದ ಇಂಟರ್ನ್‌ಗಿಂತ ಚೆನ್ನಾಗಿ ಎಣಿಸುತ್ತಾರೆ, ಫೋನ್ ನೋಡುವುದಿಲ್ಲ.

ಬರವಣಿಗೆ

ಸ್ಕಿನ್ನರ್ ದಿನವೂ ಬೆಳಕು ಹರಿಯುವ ಮುನ್ನ ಬರೆಯಲು ಕೂರುತ್ತಿದ್ದರು. ಮೇಜಿನ ದೀಪ ಹಾಕಿದರೆ ಗಡಿಯಾರ ಓಡಲು ಶುರು, ಆರಿಸಿದರೆ ನಿಲ್ಲುತ್ತಿತ್ತು. ಬರೆದ ಗಂಟೆಗಳ ಲೆಕ್ಕವನ್ನು ಪಾರಿವಾಳದ ಕುಕ್ಕಿನ ಲೆಕ್ಕ ಇಟ್ಟ ರೀತಿಯಲ್ಲೇ ಗ್ರಾಫ್ ಹಾಕಿಕೊಳ್ಳುತ್ತಿದ್ದರು. ನೀವೂ ಪ್ರಯತ್ನಿಸಬಹುದು. ಬೆಳಿಗ್ಗೆ 9ಕ್ಕೆ ಮೊದಲ ಮಗು, ಸಂಜೆ 7ಕ್ಕೆ ಕೊನೆಯದು, ನಡುವೆ ಪಾಲಕರ ವಾಟ್ಸ್ಆ್ಯಪ್. ದೀಪ ಹಾಕಿದ ಕೂಡಲೇ ನಿದ್ದೆ ಬಂದರೆ ದೀಪದ ದೋಷವಲ್ಲ.

ಬರೆಯಲು ಆಗಲೇ ಇಲ್ಲವೇ? ಅದಕ್ಕೂ ಪೂರ್ವನಿದರ್ಶನವಿದೆ. ಡೆನಿಸ್ ಅಪ್ಪರ್ ಎಂಬವರು 1974ರಲ್ಲಿ, ಬರೆಯಲಾಗದ ಕಾಯಿಲೆಗೆ ತಾನೇ ಮಾಡಿಕೊಂಡು ವಿಫಲವಾದ ಚಿಕಿತ್ಸೆಯ ಬಗ್ಗೆ ಜಾಬಾಕ್ಕೆ ಪ್ರಬಂಧ ಕಳಿಸಿದರು. ಶೀರ್ಷಿಕೆಯ ಕೆಳಗೆ ಹಾಳೆ ಖಾಲಿ. ಜಾಬಾ ಅದನ್ನು ಖಾಲಿಯಾಗಿಯೇ ಅಚ್ಚು ಹಾಕಿತು, ವಿಮರ್ಶಕರ ಟಿಪ್ಪಣಿ ಸಮೇತ: ನಿಂಬೆರಸ ಹಚ್ಚಿ, ಎಕ್ಸ್-ರೇ ಹಿಡಿದು ನೋಡಿದರೂ ಒಂದು ದೋಷವೂ ಕಾಣಲಿಲ್ಲ, ತಿದ್ದುಪಡಿ ಇಲ್ಲದೆ ಪ್ರಕಟಿಸಿ ಎಂದು. 2007ರಲ್ಲಿ ಹಲವು ಸಂಶೋಧಕರು ಸೇರಿ ಬೇರೆ ಬೇರೆ ಊರು, ಬೇರೆ ಬೇರೆ ಸಂಸ್ಕೃತಿಗಳಲ್ಲಿ ಅದೇ ಪ್ರಯೋಗ ಮಾಡಿ ಅದೇ ಫಲಿತಾಂಶ ಪಡೆದರು. ಅದೂ ಜಾಬಾದಲ್ಲೇ ಬಂತು. ಖಾಲಿ ಹಾಳೆಗೆ ಅನುವಾದದ ತೊಂದರೆ ಇಲ್ಲ; ಕನ್ನಡದ ಮನೆಯಿಂದ ಹೋಗುವ ಪ್ರಬಂಧಕ್ಕೆ ಆ ಸೌಕರ್ಯ ಇರುವುದಿಲ್ಲ.

ಸಾಮಾಜಿಕ ಮಾನ್ಯತೆ ಎಂಬ ಭಾಗವನ್ನು ಬಿಡಬೇಡಿ. ಫಲಾನುಭವಿಗಳಿಗೆ ನಿಜಕ್ಕೂ ಉಪಯೋಗವಾಯಿತೇ ಎಂದು ಅವರನ್ನೇ ಕೇಳಬೇಕೆಂದು ಮಾಂಟ್ರೋಸ್ ವೋಲ್ಫ್ 1978ರಲ್ಲಿ ಬರೆದ ಮೇಲೆ ಇದು ರೂಢಿ. ಒಂದರಿಂದ ಐದರವರೆಗೆ ಬಾಕ್ಸ್ ಇರುವ ಹಾಳೆಯನ್ನು ಅಜ್ಜಿಯ ಕೈಗೆ ಕೊಡಿ. ಅಜ್ಜಿ ಕನ್ನಡಕ ತೆಗೆದಿಡುತ್ತಾರೆ. ‘ಮೊದ್ಲು ಇವನನ್ನ ಮದುವೆ ಮನೆಗೆ ಕರ್ಕೊಂಡು ಹೋಗೋಕೇ ಆಗ್ತಿರ್ಲಿಲ್ಲಮ್ಮ. ಮೊನ್ನೆ ನಾಗರಬಾವಿ ಛತ್ರದಲ್ಲಿ ವಾಲಗ ಶುರುವಾಯ್ತು, ಎದ್ದು ಬಂದು ನನ್ ಕೈಗೆ ಕಾರ್ಡ್ ಕೊಟ್ಟ. ಹೊರಗೆ ಹೋಗಿ ಬಂದು ಪಂಕ್ತೀಲಿ ಕೂತು ಒಬ್ಬಟ್ಟು ತಿಂದ.’ ಕಾರ್ಡನ್ನು ವಾಲಗಕ್ಕೆ ಬಳಸಲು ಯಾರೂ ಕಲಿಸಿರಲಿಲ್ಲ. ಏಳು ಲಕ್ಷಣಗಳಲ್ಲಿ ಕೊನೆಯದಾದ ವ್ಯಾಪಕತೆ ಇದೇ. ಇಡೀ ಅಧ್ಯಯನದ ಅತಿ ಬೆಲೆಬಾಳುವ ಫಲಿತಾಂಶವೂ ಇದೇ. ಎರಡನೇ ವೀಕ್ಷಕರು ಛತ್ರದಲ್ಲಿ ಇರಲಿಲ್ಲವಾದ್ದರಿಂದ ಸೇರಿಸುವಂತಿಲ್ಲ.

ಕಳಿಸುವುದು, ಕಾಯುವುದು

ಪ್ರಬಂಧ ಕಳಿಸಿದ ಮೇಲೆ ನೀವು ಪ್ರಯೋಗದ ಹಕ್ಕಿ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ಪುಸ್ತಕದಲ್ಲಿ ಪುನರ್ಬಲನದ ವೇಳಾಪಟ್ಟಿಗಳನ್ನು ವಿವರಿಸಿದ್ದಾರೆ. ಫಲ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳ ಬೇಸರವಿಲ್ಲದೆ ಒಂದೇ ಹದದಲ್ಲಿ ಕುಕ್ಕುತ್ತಲೇ ಇರುತ್ತದೆ. ಸಂಪಾದಕರ ಮೇಲ್ ಯಾವಾಗ ಬರುತ್ತದೆಂದು ನಿಮಗೂ ಗೊತ್ತಿಲ್ಲ. ಇನ್‌ಬಾಕ್ಸ್ ಕುಕ್ಕಿ.

ಬಂದಾಗ ಇರುವ ಪ್ರಶ್ನೆಗಳಿಗೆ ಸಿದ್ಧರಾಗಿರಿ. ಮಿಕ್ಸಿ ಎಂದರೇನು, ಎಷ್ಟು ಡೆಸಿಬೆಲ್? ದಿನಾ ಬೆಳಿಗ್ಗೆ ಯಾಕೆ? ಎರಡನೇ ಮನೆಯ ಬೇಸ್‌ಲೈನಿನಲ್ಲಿ ಒಂದೇ ಚುಕ್ಕೆ ಏಕೆ? ಕೊನೆಯದಕ್ಕೆ ‘ಅಜ್ಜಿ’ ಎಂದು ಬರೆಯುವ ಆಸೆಯನ್ನು ತಡೆದುಕೊಳ್ಳಿ. ‘ಪಾಲಕರಿಂದ ಕಾರ್ಯವಿಧಾನದ ವ್ಯತ್ಯಯ’ ಎನ್ನಿ.

ಕಾಯಲಾಗದವರಿಗೆ ಬೇರೆ ಮಾಡೆಲ್ ಇದೆ. ‘ಗೌರವಾನ್ವಿತ ವಿದ್ವಾಂಸರೇ’ ಎಂದು ಶುರುವಾಗುವ ಮೇಲ್, ಎರಡೇ ದಿನದಲ್ಲಿ ಸ್ವೀಕೃತಿ, ಮೂರನೇ ದಿನ ಬ್ಯಾಂಕ್ ಖಾತೆ ಸಂಖ್ಯೆ. ಕುಕ್ಕಿದಷ್ಟೂ ಕಾಳು. ಇದು ಜಗದ್ವ್ಯಾಪಿ ದಂಧೆ, ನಮ್ಮ ನೆರೆಯೂರಿಗೂ ಪಾಲಿದೆ: ಹೈದರಾಬಾದಿನ ಓಮಿಕ್ಸ್ ಕಂಪನಿ ಸಂಶೋಧಕರಿಗೆ ಮೋಸ ಮಾಡಿದೆಯೆಂದು 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟಲು ಆದೇಶಿಸಿತು.

ಅಂಕಗಳು

ಅಯ್ಲಾನ್ ಮತ್ತು ಅಜ್ರಿನ್ 1960ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಟೋಕನ್ ಪದ್ಧತಿ ತಂದರು. ಕೆಲಸ ಮಾಡಿದ ರೋಗಿಗೆ ಟೋಕನ್, ಟೋಕನ್ ಕೊಟ್ಟರೆ ಬೇಕಾದ ಸವಲತ್ತು. ಟೋಕನ್ ನಿಂತರೆ ಕೆಲಸವೂ ನಿಲ್ಲುತ್ತಿತ್ತು.

ಯುಜಿಸಿಯ 2018ರ ನಿಯಮಾವಳಿಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಧ್ಯಾಪಕರ ಬಡ್ತಿಯ ಲೆಕ್ಕದಲ್ಲಿ ಸಮಾಜವಿಜ್ಞಾನದ ಒಂದು ಪ್ರಬಂಧಕ್ಕೆ 10 ಅಂಕ. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ) ಏರಿದಷ್ಟೂ ಮೇಲೊಂದಿಷ್ಟು. ಇಬ್ಬರು ಬರೆದರೆ ತಲಾ ಶೇ. 70, ಹೆಚ್ಚು ಜನರಿದ್ದರೆ ಮುಖ್ಯ ಲೇಖಕರಿಗೆ 70, ಮಿಕ್ಕವರಿಗೆ ತಲಾ 30. ಸಮಿತಿಯ ಜೊತೆ ಬಂದ ಪ್ರಾಧ್ಯಾಪಕರು ನೆನಪಿದ್ದಾರಲ್ಲ, 70 ಯಾರಿಗೆ ಎಂಬ ಮಾತು ಈಗ ಬರುತ್ತದೆ. ನೋಟ್‌ಬುಕ್ ತುಂಬಿಸಿದ ತಾಯಿಗೆ ಬಡ್ತಿಯ ಅಗತ್ಯವಿಲ್ಲ, ಹಾಗಾಗಿ ಅವರು ಕೃತಜ್ಞತೆಯ ಸಾಲಿಗೆ. ಗೌಪ್ಯತೆ ಇರುವುದರಿಂದ ಅಲ್ಲೂ ಹೆಸರಿಲ್ಲದೆ.

ಪಿಎಚ್.ಡಿ. ಮುಗಿಸುವ ಮುನ್ನ ಒಂದು ಪ್ರಬಂಧ ಪ್ರಕಟವಾಗಿರಲೇಬೇಕೆಂಬ ನಿಯಮ 2022ರಲ್ಲಿ ಹೋಯಿತು. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ಹೋಯಿತು. ಕುಕ್ಕುವುದು ಹೋಗಿಲ್ಲ. ಆಗೊಮ್ಮೆ ಈಗೊಮ್ಮೆ ಕಾಳು ಸಿಕ್ಕ ವರ್ತನೆ, ಕಾಳು ನಿಂತ ಮೇಲೂ ಬಹಳ ದಿನ ಬಾಳುತ್ತದೆ. ಇದನ್ನು ಕಂಡುಹಿಡಿದದ್ದೂ ಇದೇ ಕ್ಷೇತ್ರ.

ಈ ಅಂಕಗಳ ಲೆಕ್ಕಕ್ಕೆ ಸಿಗದ ಕೆಲಸವೂ ಇದೆ. ರೀಟಾ ಪೆಷಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಿಂದ, ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸುವ ಶಿಕ್ಷಕರಿಗಾಗಿ ವರ್ತನಾ ವಿಧಾನದ ಕೈಪಿಡಿಯೊಂದನ್ನು ತಂದರು. ನಿಜವಾದ ಕೈಪಿಡಿ, ನನ್ನದರ ಥರದ್ದಲ್ಲ. ವೆಂಕಟೇಶನ್ ಆಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ತರಗತಿಯಲ್ಲಿ ನಿಂತ ಶಿಕ್ಷಕಿಯ ಕೈಗೆ ನೇರ ತಲುಪಲೆಂದು ಬರೆದ ಪುಸ್ತಕ ಅದು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆಪಟ್ಟಿ ಅಂಥದ್ದಕ್ಕೆ ಹಿಡಿಸುವುದಿಲ್ಲ.

ಬಿಡಿಭಾಗ, ವಾರಂಟಿ

ಅಮೆರಿಕದ ಬಿಎಸಿಬಿ ಮಂಡಳಿ ಕೊಡುವ ಬಿಸಿಬಿಎ ಅರ್ಹತೆ ಈ ವೃತ್ತಿಯಲ್ಲಿ ಚಿನ್ನದ ಮುದ್ರೆ. 2023ರ ಜನವರಿ 1ರಿಂದ ಭಾರತದಲ್ಲಿರುವವರ ಹೊಸ ಅರ್ಜಿಗಳನ್ನು ಮಂಡಳಿ ತೆಗೆದುಕೊಳ್ಳುತ್ತಿಲ್ಲ. ಹಳೆಯ ಸ್ಟಾಕ್ ಇರುವವರೆಗೆ ಮಾತ್ರ.

ಪ್ರಬಂಧ ಪ್ರಕಟವಾದರೆ ಯಾರು ಓದಬಹುದು? ಜಾಬಾದ ಪ್ರಕಾಶಕರು ವೈಲಿ. ಎಲ್ಲರಿಗೂ ತೆರೆದಿಡಬೇಕಾದರೆ ಲೇಖಕರು ಸಾವಿರಾರು ಡಾಲರ್ ಕಟ್ಟಬೇಕು. ಕಟ್ಟದಿದ್ದರೆ ಓದುಗರು ಕಟ್ಟಬೇಕು. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು: 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300 ಸರ್ಕಾರಿ ಸಂಸ್ಥೆ. ಒಳ್ಳೆಯ ಕೆಲಸ, ಹೊಗಳಲೇಬೇಕು. ಬಾಡಿಗೆ ಮಹಡಿಯ ನಿಮ್ಮ ಸೆಂಟರು ಮಾತ್ರ ಸರ್ಕಾರಿ ಸಂಸ್ಥೆಯಲ್ಲ. ಆದ್ದರಿಂದ ನಿಮ್ಮದೇ ಪ್ರಬಂಧದ ಅಚ್ಚಾದ ಪ್ರತಿ ಬೇಕಾದಾಗ ವಿಶ್ವವಿದ್ಯಾಲಯದಲ್ಲಿ ಓದುವ ಗೆಳತಿಗೆ ಫೋನ್ ಮಾಡಿ, ವಿಜಯನಗರದಲ್ಲಿ ಚಲ್ಲಘಟ್ಟದ ಕಡೆಯ ರೈಲು ಹತ್ತಿ, ಜ್ಞಾನಭಾರತಿಯಲ್ಲಿ ಇಳಿಯಿರಿ.

ಅಜ್ಜಿಗೂ ಒಂದು ಪ್ರತಿ ಬೇಕಂತೆ. ಝೆರಾಕ್ಸ್ ಮಾಡಿಸಿ ಕೊಂಡೊಯ್ಯಿರಿ. ಅಜ್ಜಿ ಪುಟ ತಿರುವಿ ತಿರುವಿ ನೋಡಿ, ‘ಇದ್ಯಾರು ಸ್ಯಾಮ್? ನಮ್ ಹುಡುಗನ ಹೆಸರೇ ಇಲ್ವಲ್ಲ?’ ಎನ್ನುತ್ತಾರೆ. ಭಾಗವಹಿಸಿದವರಿಗೆ ಸುಳ್ಳು ಹೆಸರು ಇಡುವುದು ರೂಢಿ, ಮೂರನೇ ಲೇಖಕರಿಗೆ ಆ ಹೊತ್ತಿಗೆ ಹೊಳೆದದ್ದು ಅದು ಎಂದು ವಿವರಿಸಲು ಹೋಗಬೇಡಿ. ಗ್ರಾಫ್ ಇರುವ ಪುಟ ತೆಗೆದು, ಸ್ಯಾಮ್ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವನ ಹೆಸರನ್ನು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಸಂಪಾದಕರಿಗೆ ತಿಳಿಸುವ ಅಗತ್ಯವಿಲ್ಲ.